ಯಾರೂ ಹೆಸರು ಬರೆಸದ ಪೆಟ್ಟಿಗೆ

ಚೆನ್ನಯಣ್ಣನ ಮುಖದೆದುರೇ ಬ್ಯಾಟರಿ ಸಿಡಿದದ್ದು ಆಯುಧಪೂಜೆಯ ದಿನ, ಮಂಗಳಾರತಿಯ ಹೊತ್ತಿಗೆ. ಅದಾಗಿ ಮತ್ತೊಂದು ಆಯುಧಪೂಜೆಯೂ ಕಳೆಯಿತು. ಈಗಲೂ ನೆನೆದರೆ ಹೆದರಿಕೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಚೆನ್ನಯಣ್ಣ ಕಾರ್ಕಳದ ಕಡೆಯವರು. ಮೀಸೆ ಮೂಡುವ ಮೊದಲೇ ಮುಂಬಯಿ ಬಳಿಯ ಕಲ್ಯಾಣಕ್ಕೆ ಬಂದು ಹೋಟೆಲಿನಲ್ಲಿ ಪ್ಲೇಟು ತೊಳೆದವರು, ಆಮೇಲೆ ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಯುಷ್ಯವಿಡೀ ಇಡ್ಲಿ ಬೇಯಿಸಿದವರು. ಕ್ಯಾಂಟೀನು ಮುಚ್ಚಿದ ಮೇಲೆ ಹೆಂಡತಿ ದಮಯಂತಕ್ಕನೊಂದಿಗೆ ನಮ್ಮ ಭಜನಾ ಮಂಡಳಿಯ ಮಂದಿರದ ಹಿಂಬದಿಯ ಕೋಣೆಗೆ ಬಂದರು. ಮಂದಿರ ಇರುವುದು ಕಲ್ಯಾಣದ ಹೊರಗೆ, ಗುಡ್ಡದ ಇಳಿಜಾರಿನಲ್ಲಿ. ಗುಡಿಸುವುದು, ದೀಪ ಹಚ್ಚುವುದು, ಶನಿವಾರದ ಭಜನೆಗೆ ತಾಳ ಹಿಡಿಯುವುದು ಎಲ್ಲ ಅವರದೇ. ಆದರೆ ಅವರ ಜೀವ ಇದ್ದದ್ದು ದೇವಿಯ ಅಲಂಕಾರದಲ್ಲಿ. ಕಲ್ಯಾಣದ ಹೂವಿನ ಮಾರುಕಟ್ಟೆಯಲ್ಲಿ ಒಂದೊಂದು ಹೂವನ್ನೂ ಬೆಳಕಿಗೆ ಹಿಡಿದು ನೋಡುವರು. ಕೇಸರಿ ಚೆಂಡುಹೂವಿನ ಪಕ್ಕ ಯಾವ ಹಸಿರು, ಯಾವ ಬಿಳಿ ಎಂದು ಅವರ ಕಣ್ಣಿಗೆ ಗೊತ್ತಿತ್ತು. ಬೇಲಾಪುರದ ಆಫೀಸಿನಲ್ಲಿ ವಾರವಿಡೀ ಕಂಪ್ಯೂಟರ್ ನೋಡಿ ದಣಿದ ನನಗೆ ಆ ಅಲಂಕಾರವನ್ನು ನೋಡಿದ ಮೇಲೆಯೇ ಶನಿವಾರ ಬಂತು ಅನಿಸುತ್ತಿತ್ತು.

ದಮಯಂತಕ್ಕ ಮಡಿ, ನೇಮದ ಹೆಂಗಸು. ಒಮ್ಮೆ ನನ್ನ ಮಗಳು ಮಾನಸಿ ಆಟಕ್ಕೆಂದು ದೀಪವನ್ನು ಬಾಯಿಯಿಂದ ಊದಿ ಆರಿಸಿದಳು. “ಎಂತ ಮಾರಾಯ್ತಿ, ದೀಪ ಊದುವುದಾ? ಎಂಜಲು ಬಾಯಿಯಲ್ಲಿ?” ಎಂದು ಎಷ್ಟು ಬೈದರೆಂದರೆ, “ಮಮ್ಮಿ, ಮೈ ನಹೀ ಆತೀ ಉಧರ್,” ಎಂದು ಮಗಳು ತಿಂಗಳುಗಟ್ಟಲೆ ಮಂದಿರಕ್ಕೆ ಕಾಲಿಡಲಿಲ್ಲ.

ಮಂದಿರಕ್ಕೆ ಕರೆಂಟು ಇಲ್ಲ. ಜಾಗದ ತಕರಾರು ಮುಗಿಯದೆ ಮೀಟರು ಸಿಗುವುದಿಲ್ಲ. ಹಾಗಾಗಿ ಸೋಲಾರ್. ಮೊದಲ ಪ್ಯಾನೆಲ್ಲನ್ನು ಕೊಟ್ಟವರು ಮಂಡಳಿಯ ಅಧ್ಯಕ್ಷರು, ಡೊಂಬಿವಲಿಯಲ್ಲಿ ಹೋಟೆಲು ಇರುವ ವಸಂತಕುಮಾರಣ್ಣ. ಅದರ ಕೆಳಅಂಚಿನ ಪಟ್ಟಿಯ ಮೇಲೆ ಕೆಂಪು ಅಕ್ಷರದಲ್ಲಿ ಅವರ ತಂದೆಯ ಹೆಸರು, ಮುಂದೆ ‘ಸ್ಮರಣಾರ್ಥ’. ಥಾಣೆಯ ಯೋಗೀಶ್ ದೊಡ್ಡ ಬ್ಯಾಟರಿ ಕೊಟ್ಟರು, ಅದನ್ನಿಟ್ಟ ಕಪಾಟಿನ ಬಾಗಿಲ ಮೇಲೆ ಅವರ ಅಜ್ಜಿಯ ಹೆಸರು. ಪ್ಯಾನೆಲ್ಲಿನೊಂದಿಗೆ ಅಂಗೈಯಗಲದ ಒಂದು ರೆಗ್ಯುಲೇಟರ್ ಪುಕ್ಕಟೆ ಬಂದಿತ್ತು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು, ಬ್ಯಾಟರಿ ತುಂಬಿದ ಕೂಡಲೇ ‘ಸಾಕು’ ಎನ್ನುವುದು ಅದರ ಕೆಲಸ. ಊಟದ ಪಂಕ್ತಿಯಲ್ಲಿ ನಾವು ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸರಿಯಿತ್ತು. ಆದರೆ ಗುಡ್ಡದ ಕೆಳಗಿನ ರಸ್ತೆಗೆ ಪ್ಯಾನೆಲ್ ಕೂರಿಸಿದ ಮಂದಿರದ ಮಾಡು ಕಾಣುತ್ತದೆ, ಮಾಡಿನ ಮೇಲಿನ ಹೆಸರೂ ಕಾಣುತ್ತದೆ. ವಸಂತಣ್ಣನ ತಂದೆಯ ಹೆಸರು ಮೇಲಿರುವಾಗ ತಮ್ಮವರದ್ದು ಇಲ್ಲದಿದ್ದರೆ ಹೇಗೆ? ಒಬ್ಬರ ಮಾವನ ಸ್ಮರಣಾರ್ಥ ಒಂದು ಬಂತು, ಇನ್ನೊಬ್ಬರ ಅಕ್ಕನದ್ದು ಒಂದು, ಮತ್ತೊಬ್ಬರ ಚಿಕ್ಕಪ್ಪನದ್ದು ಇನ್ನೊಂದು. ದೇವರಿಗೆ ಬಂದದ್ದನ್ನು ಬೇಡ ಅನ್ನಬಾರದು ಎಂಬುದು ನಮ್ಮ ಮಂಡಳಿಯ ಪದ್ಧತಿ. ನಾಲ್ಕು ಪ್ಯಾನೆಲ್, ಅದೇ ಒಂದು ಬ್ಯಾಟರಿ, ಅದೇ ಅಂಗೈಯಗಲದ ಡಬ್ಬಿ! ನಾಲ್ಕನೆಯದನ್ನು ಕೂರಿಸಲು ಬಂದ ಸೋಲಾರ್ ಅಂಗಡಿಯ ಕೌಶಲ್ ಡಬ್ಬಿ ತೋರಿಸಿ ನನ್ನೆದುರಿಗೇ ಹೇಳಿದ: “ಆಂಟಿ, ಇತ್ನೇ ಪ್ಯಾನೆಲ್ ಕೇ ಲಿಯೇ ಯೇ ಛೋಟಾ ಹೈ. ಬಡಾ ಲಗಾನಾ ಪಡೇಗಾ.” ಈ ಡಬ್ಬಿ ಚಿಕ್ಕದಾಯಿತು, ದೊಡ್ಡದು ಹಾಕಬೇಕು ಎಂಬ ವಿಷಯ ಸಭೆಯಲ್ಲಿ ಬಂತು. ಯಾರಾದರೂ ದೊಡ್ಡ ರೆಗ್ಯುಲೇಟರ್ ಕೊಡುತ್ತೀರಾ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಕಪಾಟಿನ ಒಳಗೆ, ಕತ್ತಲೆಯಲ್ಲಿ ಇರುವ ಪೆಟ್ಟಿಗೆಗೆ ಯಾರು ತಾಯಿತಂದೆಯ ಹೆಸರು ಬರೆಸುತ್ತಾರೆ?

ನವರಾತ್ರಿಯ ಮೊದಲ ದಿನಗಳಲ್ಲೇ ಡಬ್ಬಿ ಕರಕಲಾಯಿತು. ವಸಂತಣ್ಣ ಬಂದು ನೋಡಿ, ತಾವೇ ವಯರು ಬಿಚ್ಚಿ ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಜೋಡಿಸಿದರು. “ಸೂರ್ಯದೇವ ಕೊಡುವುದಕ್ಕೆ ಮಧ್ಯೆ ದಲ್ಲಾಳಿ ಯಾಕೆ? ಹಬ್ಬ ಕಳೀಲಿ, ಮತ್ತೆ ನೋಡುವ,” ಎಂದರು. ಎಲ್ಲರೂ ನಕ್ಕರು. ಲೈಟು ಉರಿಯಿತು, ಇನ್ನೇನು ಬೇಕು?

ಬ್ಯಾಟರಿ ಇದ್ದದ್ದು ಗರ್ಭಗುಡಿಯ ಪಕ್ಕದ ಮರದ ಕಪಾಟಿನಲ್ಲಿ. ಕಂಡರೆ ಚಂದವಲ್ಲವೆಂದು ಬಾಗಿಲು ಸದಾ ಮುಚ್ಚಿಟ್ಟಿರುತ್ತಿದ್ದರು. ಅಕ್ಟೋಬರಿನ ಬಿಸಿಲು, ಹಗಲಿಗೆ ಲೈಟು ಉರಿಸುವವರಿಲ್ಲ. ತುಂಬಿದ ಎಲೆಗೆ ಮತ್ತೆ ಮತ್ತೆ ಬಡಿಸಿದ ಹಾಗೆ ನಾಲ್ಕೂ ಪ್ಯಾನೆಲ್ ಬ್ಯಾಟರಿಗೆ ಸುರಿಯುತ್ತಿದ್ದವು. ಅದು ಒಳಗೆ ಗುಳುಗುಳು ಕುದಿಯುತ್ತಿತ್ತು. ಅದೆಂತ ಸದ್ದು ಎಂದು ನಾನು ಕೇಳಿದ್ದಕ್ಕೆ ಚೆನ್ನಯಣ್ಣ ಕಪಾಟಿಗೆ ಕಿವಿ ಇಟ್ಟು ಖುಷಿಯಲ್ಲಿ ಹೇಳಿದರು: “ಕುದಿಯುವ ಸದ್ದು ಬಂದ್ರೆ ಒಳಗೆ ಕೆಲಸ ಆಗ್ತಾ ಉಂಟು ಅಂತ ಲೆಕ್ಕ, ಜಯಲತಾ. ಇಡ್ಲಿ ಹಂಡೆಯದ್ದೂ ಹಾಗೆಯೇ ಅಲ್ವಾ?” ಕುದಿಯುವ ಬ್ಯಾಟರಿಯಿಂದ ಬರುವ ಗಾಳಿಗೆ ಕಿಡಿ ತಾಗಿದರೆ ಸಿಡಿಯುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಅಧ್ಯಕ್ಷರಿಗಂತೂ ಇಲ್ಲ.

ಆಯುಧಪೂಜೆಯ ದಿನ ನಾವು ಕತ್ತರಿಯಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲಕ್ಕೂ ಕುಂಕುಮ ಇಡುವ ಜನ. ಮಂದಿರಕ್ಕೆ ಬೆಳಕು ಕೊಡುವ ಬ್ಯಾಟರಿಯನ್ನು ಬಿಡುವುದುಂಟೇ? ಚೆನ್ನಯಣ್ಣ ಕಪಾಟಿನ ಬಾಗಿಲು ತೆರೆದರು. ಬ್ಯಾಟರಿಗೆ ಚೆಂಡುಹೂವಿನ ಮಾಲೆ ಹಾಕಿದರು, ಕುಂಕುಮ ಇಟ್ಟರು. ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಬಾಗಿ, ಆರತಿ ಎತ್ತಿದರು. ನಾವು ಜಾಗಟೆ ಬಾರಿಸುತ್ತಿದ್ದೆವು.

ಆ ಸದ್ದು! ಗ್ಯಾಸಿನ ಸಿಲಿಂಡರು ಒಡೆಯಿತೆಂದೇ ನಾನು ತಿಳಿದೆ. ನೋಡುವಾಗ ಕಪಾಟಿನ ಬಾಗಿಲು ಅಂಗಳದಲ್ಲಿತ್ತು, ಮಾಲೆಯ ಎಸಳು ಗೋಡೆಗೆ ಮೆತ್ತಿಕೊಂಡಿತ್ತು. ಚೆನ್ನಯಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮೊಣಕಾಲೂರಿದ್ದರು. ಬ್ಯಾಟರಿಯ ಆ್ಯಸಿಡ್ಡೆಲ್ಲ ಅವರ ಮುಖಕ್ಕೆ ಎರಚಿತ್ತು. ನಾವು ಅಷ್ಟು ಜನ ಇದ್ದೂ ಕಂಬದಂತೆ ನಿಂತೆವು. ನನ್ನ ಕೈಯಲ್ಲಿ ಜಾಗಟೆ ಇನ್ನೂ ಇತ್ತು ಎಂಬುದು ನನಗೆ ಆಮೇಲೆ ಗೊತ್ತಾದದ್ದು.

ಓಡಿ ಬಂದವರು ದಮಯಂತಕ್ಕ ಒಬ್ಬರೇ. ಗಂಡನ ರಟ್ಟೆ ಹಿಡಿದು ಅಂಗಳದ ನಲ್ಲಿಯ ಕೆಳಗೆ ಎಳೆದೊಯ್ದರು. ಮಡಿಸೀರೆಯೆಲ್ಲ ಆ್ಯಸಿಡ್ಡಿಗೆ ತೂತು ಬೀಳುತ್ತಿತ್ತು. ಗಂಡನ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು, ಬಿಟ್ಟೂಬಿಡದೆ ನೀರು ಹೊಯ್ದರು. “ಕಣ್ಣ್ ಬುಡ್ಲೆ! ಬುಡ್ಲೆ!” ಕಣ್ಣು ಬಿಡಿ, ಬಿಡಿ ಎಂದು ತುಳುವಿನಲ್ಲಿ ಕೂಗುತ್ತಲೇ ಇದ್ದರು. ಟ್ಯಾಂಕಿ ಖಾಲಿಯಾಗುವವರೆಗೂ ಹೊಯ್ದರು.

ಆ ನೀರಿನಿಂದಲೇ ಒಂದು ಕಣ್ಣು ಉಳಿಯಿತು ಎಂದರು ಡಾಕ್ಟರು. ಬಲಗಣ್ಣು ಹೋಯಿತು. ಎಡಗಣ್ಣಿಗೆ ಈಗ ಆಕಾರ ಕಾಣುತ್ತದೆ, ಬಣ್ಣ ಸರಿಯಾಗಿ ಕಾಣುವುದಿಲ್ಲ.

ಆಸ್ಪತ್ರೆಯ ಆ ಸಂಜೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯೊಳಗೇ ಹುಳಿಯುತ್ತದೆ. ವಸಂತಣ್ಣ ಬಂದರು. ಮಂಚದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಚೆನ್ನಯಣ್ಣ ಮಲಗಿದ್ದರು. ವಸಂತಣ್ಣ ನನ್ನನ್ನು ಬದಿಗೆ ಕರೆದು ಕೇಳಿದರು, “ಮಾಡಿನ ಮೇಲೆ ಪ್ಯಾನೆಲಿಗೆ ಎಂತ ಆಗ್ಲಿಲ್ಲ ಅಲ್ವಾ? ತಂದೆಯವರ ಹೆಸರಿನದ್ದು.” ಮನುಷ್ಯನ ಬಾಯಿಯಿಂದ ಇಂಥ ಮಾತು ಬರಬಹುದೆಂದು ಬ್ಯಾಟರಿ ಸಿಡಿದಾಗಲೂ ನಾನು ಎಣಿಸಿರಲಿಲ್ಲ.

ಆಮೇಲೆ ಎಲ್ಲವೂ ಬಂತು. ಹೊಸ ಬ್ಯಾಟರಿ ಹಿಂಬದಿಯ ಗಾಳಿಯಾಡುವ ಜಗಲಿಯಲ್ಲಿ ಕೂತಿತು. ನಾಲ್ಕು ಪ್ಯಾನೆಲ್ಲಿಗೂ ಸರಿಹೊಂದುವ ದೊಡ್ಡ ರೆಗ್ಯುಲೇಟರನ್ನು ಕೌಶಲ್ ತಂದು ಹಾಕಿದ. ವಸಂತಣ್ಣನಿಗೆ ಮನಸ್ಸಿಗೆ ಚುಚ್ಚಿರಬೇಕು, ಅದರ ಮೇಲೆ ಚೆನ್ನಯಣ್ಣನ ಹೆಸರು ಬರೆಸುವ ಎಂದರು. ಚೆನ್ನಯಣ್ಣ ಮೆಲ್ಲಗೆ ಹೇಳಿದರು, “ಅಲ್ಲಿ ಬರೆಸುವುದು ಸತ್ತವರ ಹೆಸರಲ್ವಾ ವಸಂತಣ್ಣ? ನಾನು ಇನ್ನೂ ಇದ್ದೇನಲ್ಲ.”

ಈ ಸಲದ ಆಯುಧಪೂಜೆಗೆ ನಾನು ಹೋಗಬಾರದೆಂದೇ ಇದ್ದೆ, ಮನಸ್ಸು ಕೇಳಲಿಲ್ಲ. ಹೋಗಿ ನೋಡಿದರೆ ಹೊಸ ಬ್ಯಾಟರಿಗೂ ಮಾಲೆ, ಕುಂಕುಮ! ವಸಂತಣ್ಣ ಕರ್ಪೂರ ಹಚ್ಚಿದ ತಟ್ಟೆಯನ್ನು ಚೆನ್ನಯಣ್ಣನ ಮುಂದೆ ಹಿಡಿದಿದ್ದಾರೆ. “ವರ್ಷವೂ ನೀವೇ ಎತ್ತುವುದಲ್ವಾ, ಎತ್ತಿ. ಪದ್ಧತಿ ತಪ್ಪಬಾರದು.” ಚೆನ್ನಯಣ್ಣ ಕೈ ಚಾಚಿದರು. ಕೈ ತಟ್ಟೆಯ ಬದಿಯಿಂದ ಜಾರಿ ಗಾಳಿಯಲ್ಲಿ ತಡಕಾಡಿತು.

ದಮಯಂತಕ್ಕ ನಡುವೆ ಬಂದರು. ತಟ್ಟೆಯ ಮೇಲೆ ಬಾಗಿ, ಬಾಯಿಯಿಂದ ಊದಿ ಆರತಿ ಆರಿಸಿದರು.

ಜಾಗಟೆ ನಿಂತಿತು. ಯಾರೋ “ಅಯ್ಯೋ ದೇವರೇ” ಎಂದರು.

“ಆರತಿ ದೇವಿಗೆ ಎತ್ತಿ,” ಎಂದರು ದಮಯಂತಕ್ಕ. “ಇದಕ್ಕೆ ಕೊಡುವುದನ್ನು ಹೋದ ವರ್ಷವೇ ಕೊಟ್ಟಾಗಿದೆ.”

ಚೆನ್ನಯಣ್ಣ ಬುಟ್ಟಿಯಿಂದ ಒಂದು ಚೆಂಡುಹೂವು ತೆಗೆದು, ಹಳೆಯ ಅಭ್ಯಾಸದಂತೆ ಬೆಳಕಿಗೆ ಹಿಡಿದರು. ಆಮೇಲೆ ಹೆಂಡತಿಯ ಕಡೆಗೆ ತಿರುಗಿ, “ಇದು ಹಳದಿಯಾ, ಕೇಸರಿಯಾ?” ಎಂದು ಕೇಳಿದರು.