ಉಲಿಯಕ್ಕಿಗೆ ಮೂರನೆಯ ಚೀಟಿ

ಕನ್ನಡಕದಂಗಡಿಯ ಯಜಮಾನರು ಊರಂಚಿನ ಕಾಡಿನಲ್ಲಿ ಹಕ್ಕಿ ಎಣಿಸತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಲ್ಲಿನ ಎರಡು ಬಗೆಯ ಎಲೆ ಉಲಿಯಕ್ಕಿಗಳು ಹೆಬ್ಬೆರಳ ಗಾತ್ರದವು. ಹಸಿರು ಬೆನ್ನು, ರೆಕ್ಕೆಯ ಮಾಸಲು ಗೆರೆ ಎರಡಕ್ಕೂ ಒಂದೇ. ಅಪರೂಪದ್ದರ ಕಾಲು ತುಸು ತಿಳಿಬಣ್ಣದ್ದು. ಆದರೆ ಎಲೆಯ ನೆರಳಲ್ಲಿ ಎಲ್ಲ ಕಾಲೂ ಕಪ್ಪೇ. ಆದ್ದರಿಂದ ಕೂಗು ಕೇಳದೆ ಹೆಸರು ಬರೆಯುವಂತಿರಲಿಲ್ಲ: ಸಾಮಾನ್ಯದ್ದರ ಕೂಗಿಗೆ ಎರಡು ತುಂಡು, ಅಪರೂಪದ್ದಕ್ಕೆ ಸೂಜಿಯಂಥ ಒಂದೇ ಎಳೆ. ಎಣಿಸುವ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಕೇಳಿದ ನಿಮಿಷವನ್ನು ಗುರುತಿಸಿ, ಕೊನೆಗೆ ಚೀಟಿಗಳನ್ನು ಹೋಲಿಸಬೇಕು.

ಅಪರೂಪದ್ದು ಅಲ್ಲಿದೆಯೆಂದು ಇಬ್ಬರ ಸಹಿ ಬಿದ್ದರೆ, ಕಾಡನ್ನು ಸೀಳಲಿದ್ದ ರಸ್ತೆ ಬೇರೆಡೆ ತಿರುಗುತ್ತಿತ್ತು. ಅರಣ್ಯ ಇಲಾಖೆಗೆ ಹಕ್ಕಿ ಪಟ್ಟಿ ಕೊಡಲು ಮಾರನೆಯ ದಿನವೇ ಗಡುವು. ಜೊತೆಗೆ ಎಣಿಸಲು ನಿಂತಿದ್ದ, ಅಂಚೆಯವನಾದ ಭಾವಮೈದುನನ ಚೀಟಿಯಲ್ಲಿ ಅಪರೂಪದ್ದರ ಆರು ಗುರುತು; ಇವರದರಲ್ಲಿ ಸೊನ್ನೆ.

"ಮನೇಲೇ ಬರ್ಕೊಂಡು ಬಂದ್ಯೇನೋ?"

"ಅಯ್ಯೋ ಭಾವ, ಪೆನ್ಸಿಲ್ ಮೊನೆ ಇನ್ನೂ ಬಿಸಿ ಇದೆ, ಮುಟ್ಟಿ ನೋಡಿ!"

"ಕಾಡು ಉಳೀಲಿ ಅಂತ ನಿಂಗಿರೋ ಆತುರ ನಂಗೊತ್ತಿಲ್ವಾ? ಜೇಬು ತೋರ್ಸು."

ಜೇಬಿನಲ್ಲಿ ಬೀಗದ ಕೈ ಮಾತ್ರವಿತ್ತು. ಬದಲಿಸಲಾಗದಂತೆ ತಮ್ಮ ಸಹಿ ಹಾಕಿದ ಹೊಸ ಚೀಟಿಯನ್ನು ಅವನಿಗೆ ಕೊಟ್ಟು ಮತ್ತೆ ನಿಂತರು. ಮತ್ತೆ ನಾಲ್ಕು ಗುರುತು, ಮತ್ತೆ ಸೊನ್ನೆ. ನಿಂತಲ್ಲೇ ಕಟ್ಟಿ ಬರೆಯುತ್ತಿದ್ದಾನೆ ಎನಿಸಿತು.

ಅಷ್ಟರಲ್ಲಿ ಬುತ್ತಿ ಹೊತ್ತು ಇವರ ಹೆಂಡತಿ ಬಂದಳು. ಹಕ್ಕಿಯ ಗೊಡವೆಯೇ ಇಲ್ಲದ ಅವಳನ್ನು ದಪ್ಪ ಮರವೊಂದರ ಆಚೆಗೆ ನಿಲ್ಲಿಸಿ, ಕೈಗಡಿಯಾರವನ್ನೂ ಚೀಟಿಯನ್ನೂ ಕೊಟ್ಟರು.

"ಸಣ್ಣಗೆ ಒಂದೇ ಎಳೆ ಕೇಳಿಸಿದ್ರೆ ಟೈಮ್ ಬರಿ. ನಿನ್ ತಮ್ಮನ ಕಡೆ ತಿರುಗಿದ್ಯೋ, ನೋಡು!"

"ಗಿರಾಕಿಗಳ ಕಣ್ಣಿನ ಪರೀಕ್ಷೆ ಆಯ್ತು, ಈಗ ನನ್ನ ಕಿವೀದಾ? ಆಗ್ಲಿ, ಮಾಡಿ."

ಅವಳ ಚೀಟಿಯಲ್ಲಿ ಐದು, ತಮ್ಮನದರಲ್ಲೂ ಐದು. ನಿಮಿಷಕ್ಕೆ ನಿಮಿಷ ತಾಳೆಯಾದವು. ಅಕ್ಕ ತಮ್ಮ ಸನ್ನೆ ಮಾಡಿಕೊಂಡರೇ ಎಂದು ಮರದ ಸುತ್ತ ನಡೆದು ನೋಡಿದರು. ಯಾವ ಸಂದಿಯಿಂದಲೂ ಒಬ್ಬರಿಗೊಬ್ಬರು ಕಾಣುವಂತಿರಲಿಲ್ಲ. ಸಂಶಯಿಸಲು ಇನ್ನು ಉಳಿದದ್ದು ತಮ್ಮ ಕಿವಿಯೊಂದೇ.

"ವರ್ಷದಿಂದ ಆ ಸಣ್ಣ ದನಿಯ ಅಲಾರಂ ಹೊಡ್ಕೊಂಡ್ರೂ ನೀವು ಏಳ್ತಿರ್ಲಿಲ್ಲ," ಎಂದಳು ಹೆಂಡತಿ ಮೆಲ್ಲಗೆ. "ಮೈಗಳ್ಳತನ ಅಂದ್ಕೊಂಡಿದ್ದೆ ಕಣ್ರೀ."

ಅವರು ಚೀಲದಿಂದ ಪಟ್ಟಿ ತೆಗೆದರು. ಸಹಿ ಹಾಕುವವರು ಹಕ್ಕಿ ಬಲ್ಲವರೇ ಆಗಿರಬೇಕೆಂಬ ನಿಯಮವಿರಲಿಲ್ಲ, ಸ್ವಂತ ಕಿವಿಯಿಂದ ಕೇಳಿರಬೇಕಿತ್ತು, ಅಷ್ಟೆ. ಪಟ್ಟಿಯಲ್ಲಿ ತಮ್ಮ ಹೆಸರನ್ನು ಹೊಡೆದುಹಾಕಿ, ಅದರ ಮೇಲೆ ಅವಳದನ್ನು ಬರೆದು, ಪೆನ್ನು ಚಾಚಿದರು.

"ಪೂರ್ತಿ ಓದಿ ಹಾಕು. ನಾನು ಹೇಳ್ದೆ ಅಂತ ಹಾಕ್ಬೇಡ."