ಎಡಗೈಗೆ ಕಟ್ಟಿದ ಅಳತೆ ಟೇಪು

ಓಡುವವನ ಅಂಗಿಗೂ ಗುಂಡಿ ಹೊಲಿದುಬಿಡುತ್ತಿದ್ದ ಟೈಲರ್ ನಮ್ಮ ಭಾವ. ಲಕ್ವ ಹೊಡೆದ ಮೇಲೆ ಅವರ ಬಲಗೈಗೆ ಸೂಜಿಯೂ ಒನಕೆಯಾಯಿತು.

"ಕೈಗೇನೂ ಆಗಿಲ್ಲ. ಮಿದುಳಿನ ಮಾತು ನರಗಳಿಗೆ ಇಳಿಯೋ ದಾರಿ ಕೆಟ್ಟಿದೆ. ಆ ಕೈಯಲ್ಲೇ ಕೆಲಸ ಮಾಡಿಸ್ತಾ ಇದ್ರೆ ಮಿದುಳು ಹೊಸ ದಾರಿ ಹುಡುಕ್ಕೊಳ್ಳಬಹುದು," ಎಂದರು ಡಾಕ್ಟರು.

ಆದರೆ ಎಲ್ಲಕ್ಕೂ ಎಡಗೈಯೇ ಮುಂದೆ ಬರುತ್ತಿತ್ತು. ಅಕ್ಕ ಅದನ್ನು ಅಳತೆ ಟೇಪಿನಿಂದ ಕುರ್ಚಿಗೆ ಕಟ್ಟಿ, ಬಲಗೈಯಿಂದ ದಿನಾ ಹಳೇ ಕೋಟಿನ ಗುಂಡಿ ಹಾಕಿಸಿ ಬಿಚ್ಚಿಸುತ್ತಿದ್ದಳು. ತಿಂಗಳುಗಟ್ಟಲೆ ನಡೆದ ಈ ಕಾಳಗದಲ್ಲಿ ಕೋಟಿನ ಕಾಜಾಗಳು ಆನೆ ನುಗ್ಗುವಷ್ಟು ಅಗಲವಾದವು.

"ಲೇ, ಬಿಚ್ಚೇ! ನಾನೇನು ಕಳ್ಳನಾ?" ಎಂದು ಒಂದು ದಿನ ಭಾವ ರೇಗಿದರು. ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಸಿಟ್ಟಿನ ಭರದಲ್ಲಿ ಬಲಗೈ ತಡವರಿಸುತ್ತಾ ಹೋಗಿ ಟೇಪಿನ ಗಂಟನ್ನು ಬಿಚ್ಚಿಯೇಬಿಟ್ಟಿತು.

"ನಾಳೆ ಇನ್ನೂ ಬಿಗಿಯಾಗಿ ಕಟ್ತೀನಿ ರೀ," ಎನ್ನುತ್ತಾ ಅಕ್ಕ ಕಣ್ಣೊರೆಸಿಕೊಂಡಳು.