ಆರಿಸದ ಓವನ್

ಗಲ್ಫಿನ ಮುಐದರಿನಲ್ಲಿ ನಾವಿದ್ದ ಆ ವಿಲ್ಲಾಕ್ಕೆ ನಡುವೆ ಪ್ಲೈವುಡ್ ಗೋಡೆ ಹಾಕಿ ಎರಡು ಮನೆ ಮಾಡಿದ್ದರು. ಒಂದು ಬದಿಯಲ್ಲಿ ನಾನು, ನನ್ನ ಗಂಡ. ಇನ್ನೊಂದು ಬದಿಯಲ್ಲಿ ಮಂಗಳೂರು ಕಡೆಯವರದೇ ಒಂದು ಸಂಸಾರ. ಅಡುಗೆಮನೆ ಮಾತ್ರ ಇಬ್ಬರಿಗೂ ಸೇರಿ ಒಂದೇ. ನಮಗೆ ಮಕ್ಕಳಿರಲಿಲ್ಲ. ಅವರ ಮಕ್ಕಳು ಶಾಲೆಯಿಂದ ಬಂದರೆ ನನ್ನ ಕಾಲಡಿಯಲ್ಲೇ. ಹುಡುಗಿಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ಬೈಯುವುದರಲ್ಲಿ ನನ್ನದು ಎತ್ತಿದ ಕೈ. ಆದರೂ ಅವಕ್ಕೆ ನನ್ನ ಹೆದರಿಕೆ ಇರಲಿಲ್ಲ.

ದೀಪಾವಳಿಯ ಹಿಂದಿನ ದಿನ ಶಾಲೆಗೆ ರಜೆ. ಬೆಳಗ್ಗೆ ದೋಸೆ ತಿಂದು, ತುಪ್ಪ ಸಕ್ಕರೆ ತಿಕ್ಕಿ, ನಾನ್‌ಖಟಾಯಿಗೆ ಮೈದಾ ಕಲಸಲು ಎಲ್ಲರೂ ಕುಳಿತಿದ್ದೆವು. ಅಷ್ಟರಲ್ಲಿ ಮಕ್ಕಳ ತಾಯಿಗೆ ಫೋನ್ ಬಂತು. ಗಂಡ ಸೈಟಿನಲ್ಲಿ ತಲೆತಿರುಗಿ ಬಿದ್ದಿದ್ದಾನೆ, ಆಸ್ಪತ್ರೆಗೆ ಒಯ್ದಿದ್ದಾರೆ ಎಂದು. "ಪಪ್ಪನ ಆಫೀಸಿನಲ್ಲಿ ಸ್ವಲ್ಪ ಕೆಲಸ ಉಂಟು, ಹೋಗಿ ಬರ್ತೇನೆ," ಎಂದು ಮಕ್ಕಳಿಗೆ ಹೇಳಿದಳು. ನನ್ನನ್ನು ಆಚೆ ಕರೆದು ವಿಷಯ ತಿಳಿಸಿ, "ಅಕ್ಕ, ಇವರನ್ನು ನೋಡಿಕೊಳ್ಳಿ," ಎಂದವಳೇ ಕಂಪನಿಯ ಕಾರು ಹತ್ತಿದಳು.

ಮಕ್ಕಳ ಕೈ ಬಿಡುವಾಗಿರಬಾರದೆಂದು ಉಂಡೆ ಕಟ್ಟಲು ಕೂರಿಸಿದೆ. ಹುಡುಗ ಎಲ್ಲಕ್ಕಿಂತ ದೊಡ್ಡದೊಂದು ಉಂಡೆ ಮಾಡಿ, ಅದಕ್ಕೆ ಎರಡು ಗೇರುಬೀಜ ಒತ್ತಿ, "ಇದು ಪಪ್ಪಂದು, ಯಾರೂ ಟಚ್ ಮಾಡ್ಬಾರ್ದು," ಎಂದ. ಮೊದಲ ಟ್ರೇ ಓವನ್ನಿಗೆ ಹೋಗಿತ್ತಷ್ಟೆ, ಆಸ್ಪತ್ರೆಯಿಂದ ನನ್ನ ಗಂಡನ ಫೋನ್ ಬಂತು.

"ಖಲಾಸ್ ಮಾರಾಯ್ತಿ. ಹಾರ್ಟ್ ಅಟ್ಯಾಕ್ ಅಂತೆ. ಅವಳು ಬರುವವರೆಗೆ ಮಕ್ಕಳಿಗೆ ಗೊತ್ತಾಗಬಾರದು. ಅವಳೇ ಹೇಳ್ತಾಳಂತೆ."

ಖಲಾಸ್ ಅಂತೆ! ಗ್ಯಾಸ್ ಸಿಲಿಂಡರ್ ಮುಗಿದರೂ ಅದೇ ಮಾತು, ಮನುಷ್ಯ ಸತ್ತರೂ ಅದೇ ಮಾತು. ಇವತ್ತಿಗೂ ನನಗೆ ಆ ಪದ ಕೇಳಿದರೆ ಮೈ ಉರಿಯುತ್ತದೆ.

ನಮ್ಮ ಕಡೆ ಪಕ್ಕದ ಮನೆಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ನಾವು ಒಲೆ ಹಚ್ಚುವುದಿಲ್ಲ. ಸತ್ತವರ ಮನೆಯಲ್ಲಂತೂ ಆ ವರ್ಷ ಹಬ್ಬವೂ ಇಲ್ಲ, ಸಿಹಿಯೂ ಇಲ್ಲ. ಇಲ್ಲಿ ಸತ್ತವನ ಮಕ್ಕಳೇ ಕೈಯೆಲ್ಲ ತುಪ್ಪ ಮಾಡಿಕೊಂಡು ಸಿಹಿ ಮಾಡುತ್ತಿದ್ದರು. ಓವನ್ ಆರಿಸಲು ಕೈ ಚಾಚಿದೆ.

"ಎಂತಕ್ಕೆ ಆಂಟಿ? ಇನ್ನೂ ಬೇಕ್ ಆಗ್ಲಿಲ್ಲ," ಎಂದ ಹುಡುಗ.

ಆರಿಸಿದರೆ ಕಾರಣ ಹೇಳಬೇಕು. ಕೈ ಹಿಂದಕ್ಕೆ ತೆಗೆದೆ. ಎರಡನೆಯ ಟ್ರೇಯನ್ನೂ ನಾನೇ ಒಳಗಿಟ್ಟೆ.

ಬೆಂದು ಬಂದದ್ದನ್ನು ಹುಡುಗ ಊದಿ ಊದಿ ನನ್ನ ಬಾಯಿಗೆ ಹಿಡಿದ. ಮುಖ ತಿರುಗಿಸಿ, "ಇವತ್ತು ನನಗೆ ಉಪವಾಸ," ಎಂದುಬಿಟ್ಟೆ. ಪೆದ್ದಿ ನಾನು! ಬೆಳಗ್ಗೆ ದೋಸೆ ತಿಂದದ್ದನ್ನು ಹುಡುಗಿ ನೋಡಿದ್ದಳು. ಬಾಯಿಯ ಹತ್ತಿರ ಒಯ್ದಿದ್ದ ನಾನ್‌ಖಟಾಯಿಯನ್ನು ಅವಳು ತಟ್ಟೆಯಲ್ಲಿಟ್ಟಳು.

"ಅಜ್ಜ ಸತ್ತಾಗ ಅಮ್ಮನೂ ಹೀಗೇ ಸ್ವೀಟ್ ತಿನ್ಲಿಲ್ಲ," ಎಂದಳು. "ಆಂಟಿ, ಯಾರಾದ್ರೂ ಸತ್ತಿದ್ದಾರಾ?"

"ಛೀ! ಹಬ್ಬದ ಹೊತ್ತಲ್ಲಿ ಎಂತ ಮಾತು ಅದು? ಯಾರೂ ಸಾಯ್ಲಿಲ್ಲ. ಬಾಯಿ ಮುಚ್ಚಿ ತಿನ್ನು!"

ಅಷ್ಟು ಜೋರಾಗಿ ಗದರಿಸಿದ್ದು ಭಯಕ್ಕೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಂಬಿದಳು. ಕುರ್ಚಿಯ ಮೇಲೆ ಕುಳಿತು ಕಾಲು ಆಡಿಸುತ್ತಾ ತಿಂದಳು. ಅಬ್ಬಾ, ಬಚಾವಾದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆಗ ನನಗೆ ಸಮಾಧಾನವೇ ಆಗಿತ್ತು.

ಮಧ್ಯಾಹ್ನ ಮೂರಕ್ಕೆ ಕಾರು ಬಂತು. ಇಬ್ಬರು ಹೆಂಗಸರು ಆಚೀಚೆ ಹಿಡಿದುಕೊಂಡು ತಾಯಿಯನ್ನು ಇಳಿಸಿದರು. ಹುಡುಗ ಗೇರುಬೀಜದ್ದನ್ನು ಎರಡೂ ಕೈಯಲ್ಲಿ ಹಿಡಿದು ಓಡಿ, "ಪಪ್ಪ ಎಲ್ಲಿ?" ಎಂದ. ಅವಳು ಹೊಸ್ತಿಲಲ್ಲೇ ಕುಸಿದು ಕುಳಿತು ಅವನನ್ನು ಅಪ್ಪಿಕೊಂಡಳು. "ಪಪ್ಪ ಇನ್ನು ಬರುವುದಿಲ್ಲ ಮಗಾ," ಎಂದಳು.

ಹುಡುಗಿ ಅಳಲಿಲ್ಲ. ನನ್ನನ್ನೊಮ್ಮೆ ನೋಡಿ ಬಾತ್‌ರೂಮಿಗೆ ಓಡಿದಳು. ಹಿಂದೆಯೇ ಹೋದೆ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡುತ್ತಿದ್ದಳು. ಬೆನ್ನು ನೀವಿದೆ, ಮುಖ ತೊಳೆಸಿದೆ. ಪುನಃ ಬೆರಳು ಹಾಕಲು ಹೊರಟಾಗ ಕೈ ಹಿಡಿದುಕೊಂಡೆ.

"ಬಿಡಿ ಆಂಟಿ," ಎಂದು ಕೊಸರಿಕೊಂಡಳು. "ನಾನು ಮೂರು ತಿಂದಿದ್ದೆ."